ಬ್ಯಾಡ್ಜರ್ ಕೂದಲಿನ ಶೇವಿಂಗ್ ಬ್ರಷ್: ದುಬಾರಿ ಬೆಲೆಗೆ ನುಣುಪಾದ ಶೇವ್ ಸಿಗುತ್ತದೆಯೇ?

ಶೇವಿಂಗ್ ಬ್ರಷ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪ್ಲಾಸ್ಟಿಕ್ ಹಿಡಿಯ, ನೈಲಾನ್ ಎಳೆಗಳ ಅಗ್ಗದ ಬ್ರಷ್. ಆನ್‌ಲೈನ್ ಅಂಗಡಿಗಳಲ್ಲಿ ಹುಡುಕಿದರೆ ಅದಕ್ಕಿಂತ ಹಲವು ಪಟ್ಟು ದುಬಾರಿಯಾದ ಇನ್ನೊಂದು ಬ್ರಷ್ ಸಿಗುತ್ತದೆ. ಅದು ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನದು. ಬೇರೆ ಯಾವ ಬ್ರಷ್ಷೂ ಇದರಷ್ಟು ನೀರು ಹಿಡಿಯುವುದಿಲ್ಲ, ಗಡ್ಡದ ಕೂದಲನ್ನು ಇದರಷ್ಟು ಚೆನ್ನಾಗಿ ಎಬ್ಬಿಸಿ ನಿಲ್ಲಿಸುವುದಿಲ್ಲ ಎನ್ನುತ್ತಾರೆ ಮಾರುವವರು. ಅಂಥದ್ದೊಂದು ಹೊಸ ಬ್ರಷ್ ಉಡುಗೊರೆಯಾಗಿ ನಮ್ಮ ಕೈಸೇರಿದಾಗ, ಅದನ್ನೂ ಹಳೆಯ ನೈಲಾನ್ ಬ್ರಷ್ಷನ್ನೂ ಕೆಲವು ವಾರ ಬದಲಿಸಿ ಬದಲಿಸಿ ಬಳಸಿ ನೋಡಿದೆವು. ಮುಖಕ್ಕೆ ಮೆತ್ತಗಿತ್ತು, ನಿಜ. ಆದರೆ ಶೇವ್ ಆದ ಮೇಲೆ ಕೆನ್ನೆ ಸವರಿ, ಇವತ್ತು ಯಾವ ಬ್ರಷ್ ಬಳಸಿದ್ದು ಎಂದು ಹೇಳುವುದು ನಮ್ಮಿಂದ ಆಗಲಿಲ್ಲ. ಹೀಗೇಕೆ?

ಗಡ್ಡವನ್ನು ಮೆದುವಾಗಿಸುವುದು ಯಾವುದು?

ನೀರು. ಕೂದಲು ಕೆರಾಟಿನ್ ಎಂಬ ಪ್ರೋಟೀನ್‌ನಿಂದ ಆಗಿದೆ. ಅದು ತನ್ನ ತೂಕದ ಸುಮಾರು ಶೇ. 30ರಷ್ಟು ನೀರನ್ನು ಹೀರಬಲ್ಲದು. ಒಳಹೊಕ್ಕ ನೀರು ಪ್ರೋಟೀನ್ ಎಳೆಗಳ ನಡುವಿನ ಹಿಡಿತವನ್ನು ಸಡಿಲಿಸುವುದರಿಂದ ಕೂದಲು ಉಬ್ಬಿ ಮೆದುವಾಗುತ್ತದೆ, ಕಡಿಮೆ ಒತ್ತಡಕ್ಕೇ ಕತ್ತರಿಸುತ್ತದೆ. ಒಣ ಗಡ್ಡ ಬ್ಲೇಡಿಗೂ ಕಷ್ಟವೇ. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಕತ್ತರಿಸುವಾಗ ಬ್ಲೇಡಿನ ಅಂಚಿನಿಂದಲೇ ಸಣ್ಣ ಚಕ್ಕೆಗಳು ಎದ್ದುಹೋಗುವುದನ್ನು ಅಮೆರಿಕದ ಎಂಐಟಿ ವಿಜ್ಞಾನಿಗಳು 2020ರಲ್ಲಿ ತೋರಿಸಿದರು.

ನೀರು ಹೀರಿಕೊಳ್ಳಲು ಕೂದಲಿಗೆ ಎರಡು ಮೂರು ನಿಮಿಷ ಬೇಕು. ಅಷ್ಟು ಹೊತ್ತು ಮುಖದ ಮೇಲೆ ಬರೀ ನೀರು ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಅದನ್ನು ಅಲ್ಲೇ ಹಿಡಿದಿಡುವುದು ನೊರೆ. ಸೋಪು, ನೀರು, ಗಾಳಿ ಮೂರನ್ನೂ ಬೆರೆಸಿ ನೊರೆ ಎಬ್ಬಿಸುವುದು, ಅದನ್ನು ಕೂದಲಿನ ಬುಡಕ್ಕೆ ತಲುಪಿಸುವುದು ಬ್ರಷ್‌ನ ಕೆಲಸ. ಅದರ ಉಪಕಾರ ಅಲ್ಲಿಗೆ ಮುಗಿಯುತ್ತದೆ.

ಬ್ಯಾಡ್ಜರ್ ಕೂದಲಿನ ವಿಶೇಷವೇನು?

ಈ ಕೂದಲಿನ ಬುಡ ಬಿಳಿ, ನಡುವೆ ಕಪ್ಪು ಪಟ್ಟಿ, ತುದಿ ಮತ್ತೆ ಬಿಳಿ. ನಡುಭಾಗ ದಪ್ಪವಾಗಿದ್ದು ತುದಿ ಸಪೂರವಾಗುತ್ತದೆ. ಹೀಗಾಗಿ ಬ್ರಷ್‌ಗೆ ಬಿಗಿಯೂ ಇರುತ್ತದೆ, ಮುಖಕ್ಕೆ ಚುಚ್ಚುವುದೂ ಇಲ್ಲ. ಆದರೆ ಬ್ರಷ್‌ನಲ್ಲಿ ನಿಲ್ಲುವ ನೀರಿನಲ್ಲಿ ಬಹುಪಾಲು ಕೂದಲಿನ ಒಳಗೆ ಇರುವುದಲ್ಲ, ಕೂದಲುಗಳ ನಡುವಿನ ಸಂದಿನಲ್ಲಿ ಇರುವುದು. ಸಪೂರ ಎಳೆಗಳನ್ನು ಒತ್ತೊತ್ತಾಗಿ ಕಟ್ಟಿದರೆ ಕೃತಕ ನಾರೂ ಇದೇ ಕೆಲಸ ಮಾಡುತ್ತದೆ. ನಾರು ತಾನೇ ನೀರು ಹೀರದ ಕಾರಣ ಬೇಗ ಒಣಗುತ್ತದೆ ಕೂಡ. ಹಳೆಯ ನೈಲಾನ್ ಬ್ರಷ್‌ಗಳು ಒರಟಾಗಿದ್ದವು. ಈಗಿನ ಕೃತಕ ಎಳೆಗಳನ್ನು ತುದಿಯಲ್ಲಿ ಸಪೂರ ಮಾಡಿರುತ್ತಾರೆ.

ಪೆಟ್ಟಿಗೆಯ ಮೇಲಿನ ‘ಪ್ಯೂರ್’, ‘ಬೆಸ್ಟ್’, ‘ಸಿಲ್ವರ್‌ಟಿಪ್’ ಎಂಬ ಹೆಸರುಗಳಿಗೆ ಎಲ್ಲ ತಯಾರಕರೂ ಪಾಲಿಸುವ ಒಂದೇ ಮಾನದಂಡವಿಲ್ಲ. ಒಬ್ಬರ ‘ಬೆಸ್ಟ್’ ಇನ್ನೊಬ್ಬರ ‘ಪ್ಯೂರ್’ ಆಗಿರಬಹುದು.

ಹೊಸ ಬ್ರಷ್‌ನ ವಾಸನೆಗೆ ಹೆದರಬೇಕೇ?

ಹೊಸ ಬ್ರಷ್ ಒದ್ದೆಯಾದೊಡನೆ ಪ್ರಾಣಿಯ ವಾಸನೆ ಬರುತ್ತದೆ, ಕೆಲವು ಕೂದಲೂ ಉದುರುತ್ತವೆ. ನಾಲ್ಕಾರು ಬಾರಿ ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ತೊಳೆದರೆ ಎರಡೂ ಕಡಿಮೆಯಾಗುತ್ತವೆ. ಕುದಿಯುವ ನೀರು ಬೇಡ. ಕೂದಲು ಹಾಳಾಗುತ್ತದೆ, ಅಂಟೂ ಬಿಡಬಹುದು.

ಹಿಂದೊಮ್ಮೆ ಹೆದರಲು ಕಾರಣವಿತ್ತು. ಮೊದಲ ಮಹಾಯುದ್ಧ ಶುರುವಾದಾಗ ಯುರೋಪಿಗೆ ಬ್ಯಾಡ್ಜರ್ ಕೂದಲು ಬರುವುದಕ್ಕೆ ಅಡ್ಡಿಯಾಯಿತು. ಕುದುರೆ ಕೂದಲಿಗೆ ಬಣ್ಣ ಹಚ್ಚಿ ಬ್ಯಾಡ್ಜರ್‌ನಂತೆ ಕಾಣುವ ಬ್ರಷ್‌ಗಳು ಮಾರುಕಟ್ಟೆಗೆ ಬಂದವು. ಸರಿಯಾಗಿ ಸೋಂಕು ತೆಗೆಯದ ಆ ಕೂದಲಿನಲ್ಲಿ ಆಂಥ್ರಾಕ್ಸ್, ಅಂದರೆ ನಮ್ಮ ದನಕರುಗಳನ್ನೂ ಕಾಡುವ ನೆರಡಿ ರೋಗದ ಬೀಜಾಣುಗಳಿದ್ದವು. ಶೇವ್ ಮಾಡುವಾಗ ಆದ ಸಣ್ಣ ಗಾಯವೇ ಅವುಗಳಿಗೆ ಬಾಗಿಲಾಯಿತು. ಅಮೆರಿಕ ಮತ್ತು ಬ್ರಿಟನ್‌ನಲ್ಲಿ ಸೈನಿಕರೂ ಸೇರಿ 200ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು, ಹಲವರು ಸತ್ತರು. ಬ್ರಿಟನ್ 1919ರಲ್ಲಿ ಆಂಥ್ರಾಕ್ಸ್ ತಡೆ ಕಾಯ್ದೆಯನ್ನೇ ತಂದಿತು. ಈಗ ಕೂದಲನ್ನು ಸೋಂಕುಮುಕ್ತಗೊಳಿಸಿ ಬಳಸುತ್ತಾರೆ, ಆ ಭಯವಿಲ್ಲ. ಇಂದಿನ ಅಪಾಯ ಇರುವುದು ಸದಾ ಒದ್ದೆಯಾಗಿಯೇ ಉಳಿಯುವ ಬ್ರಷ್‌ನಲ್ಲಿ ಮತ್ತು ಹಲವರು ಹಂಚಿಕೊಳ್ಳುವ ಬ್ರಷ್‌ನಲ್ಲಿ. ಚರ್ಮದ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಹರಡಲು ಅಷ್ಟು ಸಾಕು.

ಕೂದಲು ಬರುವುದು ಎಲ್ಲಿಂದ?

ಕುರಿಯ ಉಣ್ಣೆ ಕತ್ತರಿಸಿದಂತೆ ಬ್ಯಾಡ್ಜರ್‌ನ ಕೂದಲನ್ನೂ ಕತ್ತರಿಸಿ ತೆಗೆಯುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಪ್ರಾಣಿಯನ್ನು ಕೊಂದು, ಅದರ ಚರ್ಮದಿಂದ ಕೂದಲನ್ನು ತೆಗೆಯಲಾಗುತ್ತದೆ. ಬ್ರಿಟನ್‌ನಲ್ಲಿ 1992ರ ಕಾಯ್ದೆಯಡಿ ಬ್ಯಾಡ್ಜರ್‌ಗೆ ರಕ್ಷಣೆಯಿದೆ. ಹಾಗಾಗಿ ಅಲ್ಲಿನ ಹೆಸರಾಂತ ಬ್ರಷ್‌ಗಳಿಗೂ ಕೂದಲು ಬರುವುದು ಹೆಚ್ಚಾಗಿ ಚೀನಾದಿಂದ. 2018ರಲ್ಲಿ ಪೇಟಾ ಏಷ್ಯಾ ಸಂಸ್ಥೆ, ಅಲ್ಲಿ ಬ್ಯಾಡ್ಜರ್‌ಗಳನ್ನು ಇಕ್ಕಟ್ಟಾದ ಪಂಜರಗಳಲ್ಲಿ ಸಾಕಿ ಕ್ರೂರವಾಗಿ ಕೊಲ್ಲುವ ದೃಶ್ಯಗಳನ್ನು ಬಯಲಿಗೆ ತಂದಿತು. ಅದಾದ ಮೇಲೆ ಹಲವು ಕಂಪನಿಗಳು ಈ ಕೂದಲಿನ ಬಳಕೆ ಕೈಬಿಟ್ಟವು.

ನಮ್ಮ ಕಾವೇರಿ ವನ್ಯಜೀವಿಧಾಮದಲ್ಲಿರುವ ತರಕರಡಿಯನ್ನು ಇಂಗ್ಲಿಷಿನಲ್ಲಿ ‘ಹನಿ ಬ್ಯಾಡ್ಜರ್’ ಎನ್ನುತ್ತಾರೆ. ಅದು ಬೇರೆಯೇ ಪ್ರಾಣಿ, ಭಾರತದಲ್ಲಿ ಕಾನೂನಿನ ರಕ್ಷಣೆ ಪಡೆದಿದೆ. ಈ ಬ್ರಷ್‌ಗಳ ಕೂದಲು ಅದರದ್ದಲ್ಲ.

ಹಾಗಾದರೆ ಏನು ಮಾಡಬೇಕು?

ಮನೆಯಲ್ಲಿ ಬ್ಯಾಡ್ಜರ್ ಬ್ರಷ್ ಈಗಾಗಲೇ ಇದ್ದರೆ ಎಸೆಯಬೇಕಿಲ್ಲ. ಜೋಪಾನ ಮಾಡಿದರೆ ಅದು ಹಲವು ವರ್ಷ ಬರುತ್ತದೆ. ಬಳಸಿದ ಮೇಲೆ ಸೋಪು ಪೂರ್ತಿ ಹೋಗುವಂತೆ ತೊಳೆದು, ನೀರು ಕೊಡವಿ, ಗಾಳಿಯಾಡುವಲ್ಲಿ ಇಡಿ. ತಲೆಕೆಳಗಾಗಿಯೇ ನೇತುಹಾಕಬೇಕು ಎಂಬುದರಲ್ಲಿ ಹುರುಳಿಲ್ಲ; ಎಳೆಗಳ ಸಂದಿನಲ್ಲಿ ನಿಂತ ನೀರು ಹೋಗುವುದು ಮುಖ್ಯವಾಗಿ ಗಾಳಿಗೆ ಒಣಗಿ. ಬ್ರಷ್ ಯಾವುದೇ ಇರಲಿ, ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬೇಡಿ.

ಹೊಸದಾಗಿ ಕೊಳ್ಳುವವರಿಗೆ ಒಳ್ಳೆಯ ಕೃತಕ ಎಳೆಯ ಬ್ರಷ್ ಸಾಕು. ಶೇವ್ ನುಣುಪಾಗಬೇಕಾದರೆ ಹಣಕ್ಕಿಂತ ಹೆಚ್ಚಾಗಿ ಮೂರು ನಿಮಿಷದ ತಾಳ್ಮೆ ಬೇಕು. ಬೆಚ್ಚಗಿನ ನೀರಿನಲ್ಲಿ ಮುಖ ತೊಳೆದು, ನೊರೆ ಹಚ್ಚಿ, ಗಡ್ಡ ನೆನೆಯುವವರೆಗೆ ಕಾದು ಆಮೇಲೆ ಬ್ಲೇಡ್ ಹಿಡಿಯಿರಿ.