ಟಿವಿ ದುಡ್ಡಿಗೆ ನೆರೆಮನೆ ಬಿಟ್ಟವರು

ನಾನಿರುವುದು ಅಮೆರಿಕದ ಆರೆಗನ್ ರಾಜ್ಯದಲ್ಲಿ. ಇಲ್ಲಿಗೆ ಬಂದ ಹೊಸತರಲ್ಲಿ, ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಯಾಕಪ್ಪಾ ಹೆಸರಿಟ್ಟರು ಅಂತ ನಕ್ಕವನೇ ನಾನೂ :) ಆಮೇಲೆ ಅಕ್ಕಪಕ್ಕದವರ ಜೊತೆ ಕೂತು ನೋಡಿ ನೋಡಿ ಆ ಹುಚ್ಚು ನನಗೂ ಅಂಟಿತು. ಅದಕ್ಕೇ ಈ ಸಿಟ್ಟು. ಇದು ಬರೀ ಆಟದ ವಿಷಯ ಅಂತ ಪುಟ ಮುಚ್ಚಬೇಡಿ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಹಿನ್ನೆಲೆ. ಇಲ್ಲಿ ಕಾಲೇಜು ಆಟಗಳು ‘ಕಾನ್ಫರೆನ್ಸ್’ ಅನ್ನುವ ಗುಂಪುಗಳಲ್ಲಿ ನಡೆಯುತ್ತವೆ. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ದಕ್ಷಿಣ ವಲಯ, ಪಶ್ಚಿಮ ವಲಯ ಅಂತ ಇರುತ್ತಲ್ಲ, ಹೆಚ್ಚುಕಡಿಮೆ ಹಾಗೆ. ಹತ್ತಿರದ ಊರಿನವರು ಹತ್ತಿರದ ಊರಿನವರ ಜೊತೆ ಆಡುವುದು. ಪಶ್ಚಿಮ ಕರಾವಳಿಯ ಗುಂಪಿನ ಮೂಲ 1915ರಷ್ಟು ಹಳೆಯದು. ಹೆಸರು ಬದಲಾಯಿಸುತ್ತಾ ಬಂದು 2011ರಲ್ಲಿ ‘ಪ್ಯಾಕ್-12’ ಆಯಿತು. ರಾಷ್ಟ್ರೀಯ ಪ್ರಶಸ್ತಿಗಳ ಲೆಕ್ಕದಲ್ಲಿ ಇದನ್ನು ಮೀರಿಸಿದ ಗುಂಪು ಇನ್ನೊಂದಿಲ್ಲ.

ಅಂಥ ಮನೆ ಒಡೆಯಲು ಎಷ್ಟು ದಿನ ಬೇಕಾಯಿತು ಗೊತ್ತೇ? 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ದೊಡ್ಡ ಕಾಲೇಜುಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, ನಾವು ‘ಬಿಗ್ ಟೆನ್’ ಗುಂಪಿಗೆ ಹೋಗುತ್ತೇವೆ ಅಂದವು. 2023ರ ಜುಲೈ ಕೊನೆಗೆ ಕೊಲರಾಡೊ ಎದ್ದಿತು. ಆಗಸ್ಟ್ 4ರಂದು ಒಂದೇ ದಿನ ಐದು ಕಾಲೇಜುಗಳು ಗಂಟುಮೂಟೆ ಕಟ್ಟಿದವು. ಅವುಗಳಲ್ಲಿ ನಮ್ಮ ಆರೆಗನ್ ಕೂಡ ಒಂದು. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ‘ಅಟ್ಲಾಂಟಿಕ್ ಕೋಸ್ಟ್’ ಗುಂಪಿಗೆ ಸೇರಿದವು. ಪೆಸಿಫಿಕ್ ಸಾಗರದ ದಂಡೆಯಲ್ಲಿರುವವರು ಅಟ್ಲಾಂಟಿಕ್ ಕರಾವಳಿ ಗುಂಪಿನಲ್ಲಿ! ಇವರ ಭೂಗೋಳದ ಮೇಷ್ಟ್ರು ಏನಂದರೋ......

ಹನ್ನೆರಡರಲ್ಲಿ ಹತ್ತು ಹೋಗಿ ಉಳಿದದ್ದು ಎರಡೇ, ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಇವು ಮಾಡಿದ ತಪ್ಪೇನು? ಆಟದಲ್ಲಿ ಸೋತಿದ್ದವೇ? ಇಲ್ಲ. ಕಾರ್ವಾಲಿಸ್ ಮತ್ತು ಪುಲ್ಮನ್ ಅನ್ನುವ ಸಣ್ಣ ಊರುಗಳಲ್ಲಿ ಇದ್ದದ್ದೇ ತಪ್ಪು. ಅಲ್ಲಿ ಟಿವಿ ನೋಡುವ ಮನೆಗಳು ಕಡಿಮೆ. ಅಷ್ಟೇ.

ಇದರ ಬೇರು 1984ರಲ್ಲಿದೆ. ಕಾಲೇಜು ಫುಟ್‌ಬಾಲಿನ ಟಿವಿ ಪ್ರಸಾರವನ್ನು ಎನ್‌ಸಿಎಎ ಅನ್ನುವ ಒಂದೇ ಸಂಸ್ಥೆ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಸ್ವತಃ ಕೊಲರಾಡೊ ಕಾಲೇಜಿನ ಫುಟ್‌ಬಾಲ್ ತಾರೆ. ಕಾಲೇಜು ಆಟವನ್ನು ಬರೀ ವ್ಯಾಪಾರದ ಕಣ್ಣಲ್ಲಿ ನೋಡಬೇಡಿ ಅಂತ ಅವರ ವಾದ. ಅವರ ಮಾತು ಸೋತಿತು. ಅಂದಿನಿಂದ ಯಾವ ಗುಂಪಿಗೆ ಎಷ್ಟು ಟಿವಿ ದುಡ್ಡು ಅನ್ನುವುದೇ ಲೆಕ್ಕ. 2022ರಲ್ಲಿ ಬಿಗ್ ಟೆನ್ ಮಾಡಿಕೊಂಡ ಏಳು ವರ್ಷದ ಒಪ್ಪಂದದ ಬೆಲೆ 7 ಬಿಲಿಯನ್ ಡಾಲರಿಗೂ ಹೆಚ್ಚು ಅಂತ ಪತ್ರಿಕೆಗಳು ಬರೆದವು. ಕಾಸಿದ್ದರೆ ಕೈಲಾಸ ಅಂತ ನಮ್ಮವರು ಸುಮ್ಮನೆ ಹೇಳಿದರೇ?

ನಿಜ ಹೇಳಬೇಕೆಂದರೆ ಪ್ಯಾಕ್-12 ನಡೆಸುತ್ತಿದ್ದವರೇನೂ ಸಾಚಾ ಅಲ್ಲ. ತಮ್ಮದೇ ಚಾನೆಲ್ ಶುರು ಮಾಡಿ, ಅದು ಎಷ್ಟೋ ಮನೆಗೆ ತಲುಪದೆ ಒದ್ದಾಡಿತು. ಹೊಸ ಒಪ್ಪಂದಕ್ಕೆ ತಿಂಗಳುಗಟ್ಟಲೆ ಎಳೆದಾಡಿ, ಕೊನೆಗೆ ತಂದದ್ದು ಚಂದಾದಾರರ ಸಂಖ್ಯೆ ನಂಬಿಕೊಂಡ ಆಪಲ್ ಪ್ರಸ್ತಾಪ. ಒಪ್ಪುತ್ತೇನೆ. ಆದರೆ ಯಜಮಾನ ದಡ್ಡ ಅಂತ ತಮ್ಮಂದಿರನ್ನು ಬೀದಿಗೆ ಬಿಟ್ಟು ಹೋಗುವುದು ಯಾವ ನ್ಯಾಯ?

ಹೋದವರಾದರೂ ಸುಖವಾಗಿದ್ದಾರಾ? ಆರೆಗನ್, ವಾಷಿಂಗ್ಟನ್ ಬಿಗ್ ಟೆನ್ ಸೇರಿದ್ದು ಸುಮಾರು ಅರ್ಧ ಪಾಲಿಗೆ. ಸ್ಟ್ಯಾನ್‌ಫರ್ಡ್, ಬರ್ಕ್ಲಿ ಒಪ್ಪಿಕೊಂಡದ್ದು ಮೊದಲ ಏಳು ವರ್ಷ ಟಿವಿ ಹಣದ ಶೇ. 30ರಷ್ಟು ಪಾಲಿಗೆ. ಇನ್ನೂ ತಮಾಷೆ ಕೇಳಿ. ಯುಸಿಎಲ್‌ಎ ಮತ್ತು ಬರ್ಕ್ಲಿ ಒಂದೇ ಸರ್ಕಾರಿ ವಿಶ್ವವಿದ್ಯಾಲಯದ ಎರಡು ಕೊಂಬೆಗಳು. ಯುಸಿಎಲ್‌ಎ ಹೋದದ್ದರಿಂದ ಬರ್ಕ್ಲಿಗಾದ ನಷ್ಟಕ್ಕೆ ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕು ಅಂತ 2024ರ ಮೇನಲ್ಲಿ ಅದರ ಆಡಳಿತ ಮಂಡಳಿಯೇ ತೀರ್ಮಾನಿಸಿತು. ಅಣ್ಣ ಮನೆ ಬಿಟ್ಟು ಹೋಗಿ ತಮ್ಮನಿಗೆ ಜೀವನಾಂಶ ಕೊಟ್ಟ ಹಾಗೆ!

ಈಗ ನನ್ನ ಹೊಟ್ಟೆಗೆ ಚುಚ್ಚುವ ಮಾತು. ಫುಟ್‌ಬಾಲ್ ತಂಡ ಆಡುವುದು ವಾರಕ್ಕೊಂದು ಪಂದ್ಯ, ವಿಶೇಷ ವಿಮಾನದಲ್ಲಿ ಹೋಗಿ ಬರುತ್ತದೆ. ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರ ಗತಿ? ಅವರಿಗೆ ವಾರದ ನಡುವೆಯೂ ಪಂದ್ಯ. ಲಾಸ್ ಏಂಜಲೀಸ್‌ನಿಂದ ನ್ಯೂಜರ್ಸಿಗೆ ಸುಮಾರು 4 ಸಾವಿರ ಕಿಲೋಮೀಟರು, ಗಡಿಯಾರದಲ್ಲಿ ಮೂರು ತಾಸು ವ್ಯತ್ಯಾಸ. ನಮ್ಮ ಪರಿಚಯದ ಕನ್ನಡದವರ ಮಗಳೊಬ್ಬಳು ಹೀಗೆ ಗುಂಪು ಬದಲಿಸಿದ ಕಾಲೇಜೊಂದರಲ್ಲಿ ಆಡುತ್ತಾಳೆ. ಏರ್‌ಪೋರ್ಟಿನ ನೆಲದ ಮೇಲೆ ಕೂತು ಪರೀಕ್ಷೆಗೆ ಓದುತ್ತಾಳಂತೆ. ಗಣೇಶನ ಹಬ್ಬದ ಊಟದ ಹೊತ್ತಲ್ಲಿ ಅವಳ ಅಮ್ಮ ಹೇಳುತ್ತಿದ್ದರು, “ಮುಂಚೆ ನಾವೇ ಕಾರಲ್ಲಿ ಹೋಗಿ ಮ್ಯಾಚ್ ನೋಡ್ಕೊಂಡು, ಅವಳಿಗೆ ಚಿತ್ರಾನ್ನ ಕೊಟ್ಟು ಬರ್ತಿದ್ವಿ. ಈಗ ಫೋನಲ್ಲೇ ನೋಡೋದು.”

ಉಳಿದವರ ಕಡೆ ನೋಡಿ. 1978ರಲ್ಲಿ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಮುರಿದ ಕೀನ್ಯಾದ ಹೆನ್ರಿ ರೊನೊ ಓದುತ್ತಿದ್ದದ್ದು ಇದೇ ವಾಷಿಂಗ್ಟನ್ ಸ್ಟೇಟ್‌ನಲ್ಲಿ. ಆ ಕಾಲೇಜು 2025ರಲ್ಲಿ ಅಥ್ಲೆಟಿಕ್ಸ್‌ನ ಎಸೆತ, ಜಿಗಿತಗಳನ್ನು ಕೈಬಿಟ್ಟು, ದೂರದ ಓಟಕ್ಕೆ ಮಾತ್ರ ಒತ್ತು ಕೊಡುವುದಾಗಿ ಹೇಳಿತು. ಟಿವಿ ದುಡ್ಡು ಕರಗಿದಾಗ ಮೊದಲು ಕತ್ತರಿ ಬೀಳುವುದು ಗುಂಡು ಎಸೆಯುವ ಹುಡುಗಿಗೆ, ಫುಟ್‌ಬಾಲ್ ಕೋಚಿನ ಸಂಬಳಕ್ಕಲ್ಲ.

“ಫುಟ್‌ಬಾಲ್ ದುಡ್ಡಿಂದಲೇ ಬೇರೆ ಆಟಗಳು ಬದುಕಿರುವುದು” ಅಂತ ಹೇಳುವವರಿದ್ದಾರೆ. ಸರಿ ಸ್ವಾಮಿ, ಹಾಗಾದರೆ ಫುಟ್‌ಬಾಲ್ ಒಂದೇ ದೇಶ ಸುತ್ತಲಿ! ಉಳಿದ ಆಟಗಳನ್ನು ಊರ ಹತ್ತಿರವೇ ಬಿಡಿ. ಆಗುವುದಿಲ್ಲ ಅಂತ ಕಿವಿ ಮೇಲೆ ಹೂ ಇಡಬೇಡಿ. ನೋಟರ್ ಡೇಮ್ ಕಾಲೇಜಿನ ಫುಟ್‌ಬಾಲ್ ಯಾವ ಗುಂಪಿಗೂ ಸೇರಿಲ್ಲ, ಅದರ ಬೇರೆ ಬಹುತೇಕ ಆಟಗಳು 2013ರಿಂದ ಅಟ್ಲಾಂಟಿಕ್ ಗುಂಪಿನಲ್ಲಿವೆ. ಪ್ಯಾಕ್-12 ಒಡೆದ ಮೇಲೆ ಉಳಿದ ಎರಡು ಕಾಲೇಜುಗಳೂ 2024ರಲ್ಲಿ ಫುಟ್‌ಬಾಲಿಗೆ ಒಂದು ಏರ್ಪಾಡು, ಬೇರೆ ಹಲವು ಆಟಗಳಿಗೆ ಇನ್ನೊಂದು ಅಂತ ಮಾಡಿಕೊಂಡವು. ಬಡವರಿಗೆ ಆದದ್ದು ಶ್ರೀಮಂತರಿಗೆ ಆಗುವುದಿಲ್ಲವೇ?

ಆ ಎರಡು ಕಾಲೇಜುಗಳು ಅತ್ತುಕೊಂಡು ಕೂರಲಿಲ್ಲ, ಅದು ನನಗೆ ಖುಷಿ. ಕೋರ್ಟಿಗೆ ಹೋಗಿ ಗುಂಪಿನ ಆಡಳಿತ ತಮ್ಮ ಕೈಗೆ ತೆಗೆದುಕೊಂಡವು. ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್ ಮುಂತಾದವನ್ನು ಕರೆದು 2026ಕ್ಕೆ ಹೊಸ ಪ್ಯಾಕ್-12 ಕಟ್ಟಲು ಹೊರಟವು. ಅದಕ್ಕೆ ಅವರೂ ಇನ್ನೊಂದು ಗುಂಪನ್ನು ಒಡೆಯಬೇಕಾಯಿತು ಅನ್ನುವುದೇ ಈ ರೋಗದ ಲಕ್ಷಣ.

2024ರ ಸೆಪ್ಟೆಂಬರ್ 14. ಬೇರೆಯಾದ ಮೇಲೆ ನೆರೆಯವರು ಮತ್ತೆ ಎದುರಾದ ದಿನ. ಆರೆಗನ್ ನಮ್ಮ ಕಾರ್ವಾಲಿಸ್‌ನವರನ್ನು 49-14ರಲ್ಲಿ ಚಚ್ಚಿತು. ಅದೇ ದಿನ ಸಿಯಾಟಲ್‌ನಲ್ಲಿ, ಬೀದಿಗೆ ಬಿದ್ದಿದ್ದ ವಾಷಿಂಗ್ಟನ್ ಸ್ಟೇಟ್ ದೊಡ್ಡ ಗುಂಪು ಸೇರಿದ್ದ ವಾಷಿಂಗ್ಟನ್ನನ್ನು 24-19ರಲ್ಲಿ ಸೋಲಿಸಿತು. ನಾನು ಸೋಫಾ ಬಿಟ್ಟು ಎದ್ದು ಕುಣಿದೆ, ಮನೆಯವಳು ಬೈದಳು.

ಯೂಜೀನ್‌ನಿಂದ ಕಾರ್ವಾಲಿಸ್‌ಗೆ ಕಾರಲ್ಲಿ ಒಂದು ತಾಸಿನ ಹಾದಿ. 1894ರಿಂದ ಆಡಿಕೊಂಡು ಬಂದವರು. ಎರಡೂ ಇದೇ ರಾಜ್ಯದ ಜನರ ದುಡ್ಡಿನಿಂದ ಕಟ್ಟಿದ ಕಾಲೇಜುಗಳು. ಪಕ್ಕದ ಮನೆಯವನನ್ನು ಮರೆತು ಮೂರು ಗಡಿಯಾರದಾಚೆ ನೆಂಟಸ್ತನ ಹುಡುಕುವ ಕಾಲೇಜು ಮಕ್ಕಳಿಗೆ ಕಲಿಸುವುದಾದರೂ ಏನು?

ನೀವೇನಂತೀರಿ?