ಪಂಚಗಂಗೆಯ ದಂಡೆಯ ಕಡಲದೇವ
ಈ ವಾರ, ಖಿದ್ರಾಪುರದ ಕೋಪೇಶ್ವರನನ್ನು ಕಂಡು ಜುಗೂಳದ ಹೊಳೆದಂಡೆಗೆ ಬಂದಿದ್ದ ಇತಿಹಾಸಾಧ್ಯಾಪಕರೊಬ್ಬರು, ಯುರೋಪಿನ ಪ್ರಾಚೀನತೆಯನ್ನು ಕಣ್ಣಾರೆ ಕಾಣಬೇಕಾದರೆ ಸಮುದ್ರೋಲ್ಲಂಘನ ಅನಿವಾರ್ಯವೆಂದು ನಿಟ್ಟುಸಿರಿಟ್ಟಾಗ, ನಾನಾದರೋ ಮುಂದೆ ಹರಿಯುತ್ತಿದ್ದ ಕೃಷ್ಣೆಯನ್ನು ತೋರಿಸಿ, ನರಸೋಬನವಾಡಿಯಲ್ಲಿ ಇವಳನ್ನು ಕೂಡುವ ಪಂಚಗಂಗೆಯ ಜಾಡು ಹಿಡಿದು ಕೊಲ್ಹಾಪುರದವರೆಗೆ ಹೋದರೆ ಸಾಕಲ್ಲವೇ ಎಂದೆನು. ಅಲ್ಲಿಯ ಬ್ರಹ್ಮಪುರಿಯ ದಿನ್ನೆಯನ್ನು 1944-45ರಲ್ಲಿ ಅಗೆಯಿಸಿದವರು ಕೆ. ಜಿ. ಕುಂದಣಗಾರರು, ಕನ್ನಡ ಶಾಸನಗಳ ಈ ವಿದ್ವಾಂಸರೇ ಮುಂದೆ 1961ರ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನಲಂಕರಿಸಿದವರೆಂಬುದನ್ನು ನಾವು ನೆನೆಯುವುದು ಅಪರೂಪ. ದೊರೆತ ಕಂಚಿನ ವಸ್ತುಗಳ ನಡುವೆ ಗ್ರೀಕರ ಸಮುದ್ರಾಧಿದೇವತೆ ಪೊಸೈಡನ್ನನ ಪುಟ್ಟ ಪ್ರತಿಮೆಯೊಂದಿದ್ದಿತು! ಮರುವರ್ಷ ಡೆಕ್ಕನ್ ಕಾಲೇಜಿನ ಸಾಂಕಳಿಯಾ, ದೀಕ್ಷಿತರು ಅದೇ ದಿನ್ನೆಯ ಪದರಗಳನ್ನು ಬಿಡಿಸಿ ಸಾತವಾಹನರ ಪಟ್ಟಣವನ್ನು ಬೆಳಕಿಗೆ ತಂದರು. ಆ ದೇವನು ಸಹ್ಯಾದ್ರಿಯ ಘಟ್ಟವನ್ನೇರಿದ್ದು ದಂಡಿನೊಡನೆಯಲ್ಲ, ವ್ಯಾಪಾರದ ಬೆನ್ನು ಹತ್ತಿ. ಪೋರ್ತುಗೀಜರು ತಂದಿಳಿಸಿದ ತಂಬಾಕು ನಿಪ್ಪಾಣಿಯ ನೆಲದಲ್ಲಿ ಬೇರೂರಿ ನಮ್ಮದೇ ಬೆಳೆಯಾದುದೂ ಅದೇ ಬಗೆಯಲ್ಲವೇ? ಅಧ್ಯಾಪಕರು ಅರೆಗಳಿಗೆ ಸುಮ್ಮನಿದ್ದು, ಕೊಲ್ಹಾಪುರಕ್ಕೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದರು.