ಬಾಡು ತಿನ್ನುವವರಿಗೆ ಬಾಡಿಗೆ ಮನೆ ಇಲ್ಲ

ಹಾಸ್ಟೆಲಿನ ಕೊನೆಯ ದಿನ ನಿಮಗೂ ಬರುತ್ತದೆ. ಪರೀಕ್ಷೆ ಮುಗಿದ ವಾರಕ್ಕೇ ವಾರ್ಡನ್ ಬಂದು ‘ಏನ್ರಪ್ಪಾ, ಯಾವಾಗ ಖಾಲಿ ಮಾಡ್ತೀರಿ?’ ಅನ್ನುತ್ತಾರೆ. ಟ್ರಂಕು, ಚಾಪೆ, ಪುಸ್ತಕದ ಗಂಟು ಹೊತ್ತುಕೊಂಡು ಗೇಟಿನ ಹೊರಗೆ ನಿಂತಾಗ ಕೈಯಲ್ಲಿ ಡಿಗ್ರಿ ಇರುತ್ತದೆ, ತಲೆ ಮೇಲೆ ಸೂರು ಇರುವುದಿಲ್ಲ.

ಮೈಸೂರಿನಲ್ಲಿ ನಾವು ಮೂವರು ಹೀಗೆ ನಿಂತೆವು. ಒಬ್ಬನಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ. ಒಬ್ಬ ಮಕ್ಕಳಿಗೆ ಟ್ಯೂಷನ್ ಹೇಳುವವನು. ಇನ್ನೊಬ್ಬ ಸರ್ಕಾರಿ ಪರೀಕ್ಷೆಗೆ ಓದುವವನು. ಮೂವರ ದುಡಿಮೆ ಒಟ್ಟುಗೂಡಿಸಿದರೆ ತಿಂಗಳಿಗೆ 22,000 ರೂಪಾಯಿ. ಎರಡು ಕೋಣೆ, ಒಂದು ನಲ್ಲಿ, ಒಂದು ಕಕ್ಕಸು, ಇಷ್ಟಿದ್ದರೆ ಸಾಕು ಅಂತ ಹೊರಟೆವು. ಬೆಂಗಳೂರಲ್ಲವಲ್ಲ, ಮೈಸೂರು ಸಣ್ಣ ಊರು, ಬಾಡಿಗೆ ಕಡಿಮೆ ಅಂತ ಎಲ್ಲರೂ ಹೇಳಿದ್ದರು. ಮೂರು ವಾರ ಅಲೆದೆವು. ಮೂವತ್ತೊಂದು ಮನೆ ನೋಡಿದೆವು. ನೋಡಿದೆವು ಅನ್ನುವುದೂ ಸುಳ್ಳು. ಬಹಳಷ್ಟು ಮನೆಗಳ ಗೇಟನ್ನಷ್ಟೇ ನೋಡಿದೆವು.

ಗೇಟಿನಲ್ಲಿ ಕೇಳುವ ಪ್ರಶ್ನೆ ನಿಮಗೆ ಗೊತ್ತಿರಲಿ. ಮೊದಲು ‘ಯಾವ ಊರು?’ ಅನ್ನುತ್ತಾರೆ. ಆಮೇಲೆ ‘ನಿಮ್ಮ ತಂದೆ ಏನ್ಮಾಡ್ತಾರೆ?’ ಅದರಲ್ಲೂ ಗೊತ್ತಾಗದಿದ್ದರೆ ‘ನೀವು ಯಾವ ಪೈಕಿ?’ ನಾಚಿಕೆ ಇರುವವರು ಜಾತಿ ಕೇಳುವುದಿಲ್ಲ, ‘ಬಾಡು ಗೀಡು ಮಾಡ್ತೀರಾ?’ ಅನ್ನುತ್ತಾರೆ. ಹೌದು ಅಂದರೆ ನಮ್ಮನೇಲಿ ಆಗಲ್ಲಪ್ಪ. ಇಲ್ಲ ಅಂದರೂ ಮುಖ ನೋಡಿ, ಟ್ರಂಕು ನೋಡಿ, ‘ಊರಿಂದ ನಮ್ಮ ನೆಂಟರು ಬರ್ತಾ ಇದಾರೆ, ಅವರಿಗೇ ಕೊಟ್ಟುಬಿಟ್ವಿ’ ಅನ್ನುತ್ತಾರೆ. ವಾರ ಬಿಟ್ಟು ಅದೇ ಬೀದಿಯಲ್ಲಿ ಹೋದರೆ ‘ಮನೆ ಬಾಡಿಗೆಗೆ ಇದೆ’ ಅನ್ನುವ ಬೋರ್ಡು ಹಾಗೇ ತೂಗುತ್ತಿರುತ್ತದೆ. ಆ ನೆಂಟರು ಇವತ್ತಿನವರೆಗೂ ಬಂದಿಲ್ಲ!

ಒಬ್ಬ ಬ್ರೋಕರ್ ನಮ್ಮ ಮೇಲೆ ಕರುಣೆಯಿಟ್ಟು ಹೇಳಿದ: ‘ಸುಮ್ನೆ ಯಾಕೆ ಅಲೀತೀರಿ, ಅಶೋಕಪುರಂನಲ್ಲಿ ನೋಡಿ, ನಿಮ್ಮೋರೇ ಇದಾರೆ.’ ಅಶೋಕಪುರಂ ನಮಗೆ ಹೆಮ್ಮೆ. ಅಲ್ಲಿ ನಮ್ಮವರು ಬಾಗಿಲು ತೆಗೆಯುತ್ತಾರೆ, ಊಟಕ್ಕೂ ಕರೆಯುತ್ತಾರೆ. ಆದರೆ ಒಳಗೆ ಜಾಗ ಇರಬೇಕಲ್ಲ! ಊರಲ್ಲಿ ಕೇರಿ, ನಗರದಲ್ಲೂ ಕೇರಿ. ಈ ನಗರದ ಹಳೆಯ ನಕ್ಷೆ ಹಿಡಿದು ನೋಡಿ: ಅಗ್ರಹಾರ, ಒಕ್ಕಲಗೇರಿ, ಕುಂಬಾರಗೇರಿ. 1903ರಲ್ಲಿ ಇಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಬಂತು. ಬೀದಿಗಳು ಅಗಲವಾದವು, ಬಡಾವಣೆಗಳು ಎದ್ದವು. ಮನಸ್ಸುಗಳು ಅಗಲವಾದವೇ?

ಈಗ ಲೆಕ್ಕಕ್ಕೆ ಬರೋಣ. ‘ಬಾಡಿಗೆ ಎಲ್ಲರಿಗೂ ಜಾಸ್ತಿಯಾಗಿದೆ, ನಿಮಗೊಬ್ಬರಿಗೇನಾ?’ ಅನ್ನುವ ಬುದ್ಧಿವಂತರಿಗೆ ಈ ಲೆಕ್ಕ.

ಒಂದು ಮನೆಗೆ ನಾವು ಹೋದಾಗ ಯಜಮಾನರು 9,000 ರೂಪಾಯಿ ಅಂದರು. ಅದೇ ದಿನ ಸಂಜೆ, ನಮ್ಮ ಜೊತೆ ಓದಿದ ಮೇಲ್ಜಾತಿಯ ಗೆಳೆಯನಿಂದ ಅದೇ ಮನೆಗೆ ಫೋನು ಮಾಡಿಸಿದೆವು. ಅವನು ತನ್ನ ಹೆಸರನ್ನು ಅಡ್ಡಹೆಸರಿನ ಸಮೇತ ಹೇಳಿದ. 7,500 ಅಂದರು! ನಡುವಿನ ಅಂತರ 1,500. ಹನ್ನೊಂದು ತಿಂಗಳ ಕರಾರಿಗೆ 16,500 ರೂಪಾಯಿ. ಇದು ಗೋಡೆಗೆ ಕೊಡುವ ಬಾಡಿಗೆಯಲ್ಲ ಗೆಳೆಯರೇ, ಜಾತಿಗೆ ಕಟ್ಟುವ ಕಂದಾಯ.

ಇದು ಹೇಗೆ ನಡೆಯುತ್ತದೆ? ಹತ್ತು ಬಾಗಿಲು ಮುಚ್ಚಿದ ಮೇಲೆ ಹನ್ನೊಂದನೆಯ ಬಾಗಿಲಿನವನಿಗೆ ನಾವು ಸಿಕ್ಕಿಬಿದ್ದವರು ಅಂತ ಗೊತ್ತು. ಅವನು ಕೇಳಿದಷ್ಟು ಕೊಡಬೇಕು. ಸೋರುವ ಸೂರಿಗೂ, ಹೊತ್ತಿಗೊಮ್ಮೆ ಬರುವ ನೀರಿಗೂ ತಲೆಯಾಡಿಸಬೇಕು. ಮೊದಲ ಹತ್ತು ಮಂದಿ ಜಾತಿ ಮಾಡಿದರು. ಹನ್ನೊಂದನೆಯವನು ಅದರಿಂದ ದುಡ್ಡು ಮಾಡಿದ. ಜಾತಿವಾದಿಯೂ ಬಂಡವಾಳಿಗನೂ ಬೇರೆ ಬೇರೆ ಅಂತ ಭಾಷಣ ಮಾಡುವವರು ಒಂದು ದಿನ ನಮ್ಮ ಜೊತೆ ಮನೆ ಹುಡುಕಲಿ.

ಇದು ನಮ್ಮ ಮೂವರ ಗೋಳಲ್ಲ. 2012ರಲ್ಲಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ, ನೋಯ್ಡಾ, ಗುರಗಾಂವ್ ಕಡೆ ಇದನ್ನೇ ಪರೀಕ್ಷೆ ಮಾಡಿದರು. ಮೇಲ್ಜಾತಿ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಬಾಡಿಗೆ ಮನೆ ಕೇಳಿಸಿದರು. ಎಷ್ಟೋ ದಲಿತರಿಗೂ ಮುಸ್ಲಿಮರಿಗೂ ಒಂದೋ ಮನೆ ಇಲ್ಲ, ಇಲ್ಲವೇ ಬೇರೆ ಷರತ್ತು. 2015ರಲ್ಲಿ ಅದು ಅಚ್ಚಾಯಿತು. ನಮ್ಮ ಜೊತೆ ಓದಿದ ಸಾಬರ ಹುಡುಗ ಎಷ್ಟು ಗೇಟು ಅಲೆದ ಅಂತ ಕೇಳಿ, ನಮ್ಮ ಕಥೆ ಚಿಕ್ಕದಾಗುತ್ತದೆ. ನಮ್ಮ ಅಕ್ಕತಂಗಿಯರಿಗಂತೂ ಜಾತಿಯ ಪ್ರಶ್ನೆ ಮುಗಿದ ಮೇಲೆ ನಡತೆಯ ಪ್ರಶ್ನೆ ಶುರುವಾಗುತ್ತದೆ.

ಇನ್ನು ಅಡ್ವಾನ್ಸು. ಕೇಳಿದ್ದು 60,000 ರೂಪಾಯಿ. ನಮ್ಮಲ್ಲೊಬ್ಬನ ಅವ್ವ ದಿನಕ್ಕೆ 300 ರೂಪಾಯಿ ಕೂಲಿಗೆ ಕಳೆ ಕೀಳುತ್ತಾಳೆ. ಆಕೆ ಒಂದು ಹೊತ್ತೂ ಉಣ್ಣದೆ 200 ದಿನ ದುಡಿದರೆ ನಾವು ಬಾಗಿಲೊಳಗೆ ಕಾಲಿಡಬಹುದು! ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಬ್ರೋಕರಿಗೆ ಇನ್ನೊಂದು ತಿಂಗಳದ್ದು.

ಸರ್ಕಾರ ಏನು ಮಾಡುತ್ತಿದೆ? ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯ್ದೆ ಇದೆ. ಆದರೆ ಕಾಯ್ದೆಯ ಲೆಕ್ಕದಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ, ಕೆಲವು ಊರುಗಳಲ್ಲಿ 2,000 ದಾಟಿದ ಮನೆಗೇ, ಅದು ಅನ್ವಯಿಸುವುದಿಲ್ಲ. ಆ ದುಡ್ಡಿಗೆ ಇವತ್ತು ಯಾರು ಮನೆ ಕೊಡುತ್ತಾರೆ? ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದು ಮಾಡಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸು ಬೇಡ ಅಂತ ಅದರಲ್ಲಿದೆ. ಆದರೆ ಅದು ಬರೀ ಮಾದರಿ. ರಾಜ್ಯ ಒಪ್ಪಿದರೆ ಮಾತ್ರ ಕಾನೂನು.

‘ನನ್ನ ಮನೆ, ನನ್ನಿಷ್ಟ’ ಅನ್ನುತ್ತಾರೆ ಯಜಮಾನರು. ಸ್ವಾಮಿ, ಮನೆ ನಿಮ್ಮದೇ. ಅದಕ್ಕೆ ಇಟ್ಟಿಗೆ ಹೊತ್ತವರು ಯಾರು? ಪಾಯ ತೋಡಿದವರು ಯಾರು? ಕಟ್ಟಿಕೊಂಡ ನಿಮ್ಮ ಚರಂಡಿಗೆ ಬೆಳಿಗ್ಗೆ ಕೈಹಾಕುವವರು ಯಾರು? ಆಗ ‘ಯಾವ ಪೈಕಿ’ ಅಂತ ಕೇಳಿದಿರಾ? ಕಟ್ಟಲು ಬರಬಹುದು, ತೊಳೆಯಲು ಬರಬಹುದು, ದುಡ್ಡು ಕೊಟ್ಟು ಮಲಗಲು ಮಾತ್ರ ಬರಬಾರದು!

ಕಾನೂನು ನಿಮ್ಮ ಕಡೆ ಇದೆ ಅಂದುಕೊಳ್ಳಬೇಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಹಿಡಿಯಲು ಅಡ್ಡಿ ಮಾಡುವುದು ಅಪರಾಧ. ಒಂದರಿಂದ ಆರು ತಿಂಗಳು ಜೈಲು, 100ರಿಂದ 500 ರೂಪಾಯಿ ದಂಡ. ದಂಡದ ಮೊತ್ತ ನೋಡಿ ನಗಬೇಡಿ, ಸೆಕ್ಷನ್ನನ್ನು ನೆನಪಿಡಿ. ಅದಕ್ಕೇ ಅವರು ಜಾತಿಯ ಹೆಸರು ಎತ್ತುವುದಿಲ್ಲ. ಬಾಡಿನ ಹೆಸರು ಹೇಳುತ್ತಾರೆ, ನೆಂಟರ ಹೆಸರು ಹೇಳುತ್ತಾರೆ, ನಮಗೆ ನಿಲುಕದ ಬಾಡಿಗೆ ಹೇಳುತ್ತಾರೆ. ಬಾಡಿಗೆಯೇ ಅವರ ಜರಡಿ.

ಈ ಜರಡಿ ಹೊಸದಲ್ಲ. 1917ರಲ್ಲಿ, ಅಮೆರಿಕದ ಕೊಲಂಬಿಯಾದಲ್ಲೂ ಲಂಡನ್ನಿನಲ್ಲೂ ಓದಿ ಬಂದ ಬಾಬಾಸಾಹೇಬರು ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ಊರಲ್ಲಿ ಇರಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ತಂಗುಮನೆಯಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಇಬ್ಬರು ಗೆಳೆಯರನ್ನು ಕೇಳಿದರು. ಒಬ್ಬ ಆಳುಗಳು ಬಿಟ್ಟುಹೋಗುತ್ತಾರೆ ಅಂದ, ಇನ್ನೊಬ್ಬ ಹೆಂಡತಿಯ ಕಡೆ ಬೆರಳು ತೋರಿಸಿದ. ಕಾಮಾಟಿ ಬಾಗಿನಲ್ಲಿ ಕೂತು ಕಾದು, ರಾತ್ರಿಯ ರೈಲಿಗೆ ಬೊಂಬಾಯಿಗೆ ಹೊರಟುಬಿಟ್ಟರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಇದನ್ನು ಅವರೇ ಬರೆದಿಟ್ಟಿದ್ದಾರೆ. ನೂರು ವರ್ಷ ದಾಟಿತು. ಆ ನೆಂಟರು, ಆ ಆಳುಗಳು, ಆ ಹೆಂಡತಿ, ನೆಪ ಒಂದೂ ಬದಲಾಗಿಲ್ಲ.

ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಇಪ್ಪತ್ತನೆಯ ಮನೆಯ ಹೊತ್ತಿಗೆ ನಾವೂ ಸುಳ್ಳು ಹೇಳಿದೆವು. ಬಾಯಿಗೆ ಬಂದ ಜಾತಿ ಹೇಳಿ ಒಂದು ಮನೆ ಹಿಡಿದೆವು. ಟ್ರಂಕಿನ ತಳದಲ್ಲಿ ಬಾಬಾಸಾಹೇಬರ ಫೋಟೋ ಬಟ್ಟೆ ಸುತ್ತಿ ಇಟ್ಟೆವು. ತಿಂಗಳಾದ ಮೇಲೆ ಮಗನನ್ನು ನೋಡಲು ಅವ್ವ ಬಂದಳು. ಯಜಮಾನಿ ಆಕೆಯನ್ನು ಮಾತಾಡಿಸಿ ಬಿಟ್ಟಾರು ಅಂತ ಬಸ್ ಸ್ಟ್ಯಾಂಡಿನಲ್ಲೇ ಟೀ ಕುಡಿಸಿ ವಾಪಸ್ಸು ಕಳಿಸಿದೆವು. ‘ನಿನ್ನ ಮನೆ ತೋರಿಸಲ್ವೇನಪ್ಪಾ?’ ಅಂದಳು. ಆ ರಾತ್ರಿ ಮೂವರೂ ಮಾತಾಡಲಿಲ್ಲ. ಮರುತಿಂಗಳೇ ಖಾಲಿ ಮಾಡಿದೆವು. ಈಗ ರಿಂಗ್ ರಸ್ತೆಯಾಚೆ ಶೀಟಿನ ಮನೆಯಲ್ಲಿದ್ದೇವೆ. 7,000 ಬಾಡಿಗೆ, ಮಧ್ಯಾಹ್ನ ಬೆಂಕಿ. ಆದರೆ ಫೋಟೋ ಗೋಡೆಯ ಮೇಲಿದೆ. ಅವ್ವ ಬಂದು ಬಾಡಿನ ಸಾರು ಮಾಡಿ ಹೋದಳು.

ನಮ್ಮಲ್ಲೇ ಮೀಸಲಾತಿಯ ಮೆಟ್ಟಿಲು ಹತ್ತಿ, ಲೇಔಟಿನಲ್ಲಿ ಎರಡು ಅಂತಸ್ತು ಕಟ್ಟಿದ ಅಣ್ಣಂದಿರಿಗೂ ಒಂದು ಮಾತು. ನಿಮ್ಮ ಗೇಟಿನಲ್ಲೂ ನಾವು ನಿಂತಿದ್ದೆವು. ‘ಬ್ಯಾಚುಲರ್ಸಿಗೆ ಕೊಡಲ್ಲ, ಅಕ್ಕಪಕ್ಕದವರಿಗೆ ನಾವ್ಯಾರು ಅಂತ ಗೊತ್ತಿಲ್ಲ’ ಅಂತ ಮೆಲ್ಲಗೆ ಹೇಳಿ ಬಾಗಿಲು ಹಾಕಿಕೊಂಡಿರಿ. ಅಣ್ಣಾ, ಅದು ನಿಮ್ಮ ಸ್ವಂತ ಮನೆಯಲ್ಲ. ಅಲ್ಲಿ ನೀವೂ ಬಾಡಿಗೆಯಲ್ಲೇ ಇದ್ದೀರಿ, ನಿಮ್ಮ ಹೆಸರನ್ನು ಅಡ್ವಾನ್ಸು ಕೊಟ್ಟು.

ಅತ್ತು ಪ್ರಯೋಜನವಿಲ್ಲ. ಮಾಡಬೇಕಾದ್ದು ಇದೆ. ಪ್ರತಿ ಹಾಸ್ಟೆಲಿನಲ್ಲೂ ಒಂದು ನೋಟ್‌ಬುಕ್ ಇಡೋಣ. ಯಾವ ಬೀದಿ, ಯಾವ ತಾರೀಕು, ಏನು ಕೇಳಿದರು, ಎಷ್ಟು ಬಾಡಿಗೆ ಹೇಳಿದರು, ಎಲ್ಲಾ ಬರೆಯೋಣ. ಒಬ್ಬರೇ ಹೋಗುವುದು ಬೇಡ, ಸಾಕ್ಷಿಗೆ ಇನ್ನೊಬ್ಬರು ಇರಲಿ. ಜಾತಿ ಎತ್ತಿದರೆ ಠಾಣೆಗೆ ದೂರು ಬರೆದು ಕೊಡೋಣ. ಓದು ಮುಗಿಸಿ ಕೆಲಸ ಹುಡುಕುವವರಿಗೆ ಜಿಲ್ಲಾ ಕೇಂದ್ರಗಳಲ್ಲಿ ವಸತಿ ನಿಲಯ ಬೇಕು, ಅಡ್ವಾನ್ಸಿಗೆ ಎರಡು ತಿಂಗಳ ಮಿತಿ ಕಾನೂನಾಗಬೇಕು, 3,500ರ ಹಳೆಯ ಗೆರೆ ಅಳಿಸಬೇಕು ಅಂತ ಕೇಳೋಣ. ಕೊಡದಿದ್ದರೆ ಟ್ರಂಕು ಚಾಪೆ ಸಮೇತ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಮಲಗೋಣ. ಅಲ್ಲಿಗೆ ಬಾಡಿಗೆ ಇಲ್ಲ.

ಮುಂದಿನ ಸಲ ಗೇಟಿನಲ್ಲಿ ‘ನೀವು ಯಾವ ಪೈಕಿ?’ ಅಂತ ಕೇಳಿದರೆ ತಲೆ ತಗ್ಗಿಸಬೇಡಿ. ‘ಈ ಮನೆ ಕಟ್ಟಿದವರ ಪೈಕಿ’ ಅನ್ನಿ.

ಜೈ ಭೀಮ್.